ಶಂಖದ ಹೆಗಲಿನ ಸುಣ್ಣ

ಶಂಖದಿಂದ ಬಂದರೇ ತೀರ್ಥ ಎನ್ನುವ ಗಾದೆ ಮಾಡಿದವನು ನಮ್ಮ ನಿರ್ದೇಶಕರನ್ನು ನೋಡಿಯೇ ಮಾಡಿರಬೇಕು. ನೀರು ಅದೇ ಬಾವಿಯದು, ತಂದವಳು ಅದೇ ಹೆಂಗಸು. ಆದರೆ ಶಂಖದ ತುದಿಯಿಂದ ಸುರಿಯದಿದ್ದರೆ ಅದು ಬರೀ ನೀರು. ನಮ್ಮ ಕೇಂದ್ರದಲ್ಲಿ ನಾನು ಹದಿನೆಂಟು ವರ್ಷ ಬರೀ ನೀರಾಗಿದ್ದೆ. ನಾನು ಹೇಳಿದ್ದನ್ನು ಹೊರಗಿನಿಂದ ಬಂದ ಯಾರಾದರೂ ಪ್ರೊಫೆಸರು ಇಂಗ್ಲಿಷಿನಲ್ಲಿ ಹೇಳಿದ ದಿನ ನಿರ್ದೇಶಕರು ಅದನ್ನು ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಳ್ಳುತ್ತಿದ್ದರು.

ಕೇಂದ್ರ ಇರುವುದು ಶ್ರೀರಂಗಪಟ್ಟಣದ ಹೊರಗೆ, ಕಬ್ಬಿನ ಗದ್ದೆಗಳ ಮಧ್ಯೆ. ಯಾವುದೋ ಟ್ರಸ್ಟಿನವರು ಕಟ್ಟಿಸಿದ್ದು. ಅಲ್ಲಿಂದ ಸಮುದ್ರ ನೋಡಬೇಕಾದರೆ ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಕೂರಬೇಕು. ಆದರೂ ನಾವು ಮಾಡುತ್ತಿದ್ದುದು ಸಮುದ್ರದ ಸುಣ್ಣ ಅಳೆಯುವ ಕೆಲಸ. ಹವಳ, ಚಿಪ್ಪು, ಕವಡೆ, ಶಂಖ, ಎಲ್ಲವೂ ಮೂಲದಲ್ಲಿ ಸುಣ್ಣವೇ. ಒಳಗಿನ ಪ್ರಾಣಿ ಸಮುದ್ರದ ನೀರಿನಿಂದ ಸುಣ್ಣ ತೆಗೆದುಕೊಂಡು ಮನೆ ಕಟ್ಟಿಕೊಳ್ಳುವಾಗ, ಆ ನೀರಿನಲ್ಲಿದ್ದ ಬೇರೆ ಧಾತುಗಳೂ ಒಂದಿಷ್ಟು ಗೋಡೆಗೆ ಸೇರಿಬಿಡುತ್ತವೆ. ಬೇರಿಯಂ ಜಾಸ್ತಿ ಕಂಡರೆ ಆ ವರ್ಷ ನದಿ ಕೆಂಪಾಗಿ ಹರಿದು ಸಮುದ್ರಕ್ಕೆ ಮಣ್ಣು ತಂದಿರಬಹುದು. ಸ್ಟ್ರಾನ್ಷಿಯಂ ನೋಡಿ ನೀರು ಬಿಸಿಯಿತ್ತೋ ತಣ್ಣಗಿತ್ತೋ ಹೇಳುವವರಿದ್ದಾರೆ. ಇದನ್ನೆಲ್ಲ ಕಂಡುಹಿಡಿಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರು. ಚಿಪ್ಪಿನ ಪುಡಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಕೊಟ್ಟರೆ ಅದು ಆ ನೀರನ್ನು ಮಂಜು ಮಾಡಿ, ಉರಿಯೊಳಗೆ ಹಾಯಿಸಿ, ಪರಮಾಣುಗಳನ್ನು ತೂಕದ ಪ್ರಕಾರ ಬೇರೆ ಮಾಡಿ ಎಣಿಸುತ್ತದೆ. ಪಲ್ಲಗಟ್ಟಲೆ ರಾಗಿಯಲ್ಲಿ ಬಿದ್ದ ಒಂದು ಸಾಸಿವೆ ಕಾಳನ್ನು ಹುಡುಕಿ ಕೊಡುವಂಥ ಯಂತ್ರ. ಅದನ್ನು ನಡೆಸುವವಳು ನಾನು.

ಈ ಕೆಲಸದಲ್ಲಿ ಮೊದಲು ಕಲಿಯುವುದು ಬ್ಲಾಂಕು. ಏನೂ ಕರಗಿಸದ ಬರೀ ಆಸಿಡ್ಡನ್ನು ಮೊದಲು ಮಿಷನ್ನಿಗೆ ಕುಡಿಸಬೇಕು. ಅದರಲ್ಲೂ ಏನಾದರೂ ಕಂಡರೆ ಅದು ಸಮುದ್ರದ್ದಲ್ಲ, ನಮ್ಮದೇ ಕೊಳೆ. ಕೈಯದೋ, ಬಟ್ಟೆಯದೋ, ಗಾಳಿಯದೋ. ಪಕ್ಕದ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ದಿನ ಹೊಗೆ ನಮ್ಮ ಕಡೆ ತಿರುಗಿದರೆ ಬ್ಲಾಂಕು ಕೆಡುತ್ತಿತ್ತು. ಆ ದಿನ ನಾನು ಮಾದರಿಗಳನ್ನು ಮುಟ್ಟುತ್ತಿರಲಿಲ್ಲ. ನಿರ್ದೇಶಕರಿಗೆ ಇದು ಸೋಮಾರಿತನ. “ಬೆಲ್ಲದ ಹೊಗೆಗೂ ಸಮುದ್ರಕ್ಕೂ ಏನಮ್ಮ ಸಂಬಂಧ?” ಎಂದು ಕೇಳಿದ ಮಹಾನುಭಾವರು ಅವರು. ಮಿಷನ್ನನ್ನು ಆನ್ ಮಾಡುವ ಗುಂಡಿ ಯಾವುದೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಫೋಟೋ ತೆಗೆಯುವವರು ಬಂದಾಗ ಮಾತ್ರ ಬಿಳಿ ಕೋಟು ಹಾಕಿಕೊಂಡು ಅದರ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದರು, ಸಂತೆಯಲ್ಲಿ ಎತ್ತು ಕೊಂಡವರು ಅದರ ಬೆನ್ನ ಮೇಲೆ ಕೈ ಇಡುವ ಹಾಗೆ.

ಸುತ್ತಲಿನ ದೊಡ್ಡಮನುಷ್ಯರ ಲೆಕ್ಕದಲ್ಲಂತೂ ನಮ್ಮ ಕೇಂದ್ರ ಇದ್ದದ್ದು ಹವಳದ ಉಂಗುರ ಪರೀಕ್ಷೆ ಮಾಡುವುದಕ್ಕೆ. ಮಗಳಿಗೆ ಕುಜದೋಷ, ಜೋಯಿಸರು ಹವಳ ಹಾಕಿಸಿ ಅಂದಿದ್ದಾರೆ, ಅಂಗಡಿಯವನು ಪ್ಲಾಸ್ಟಿಕ್ಕು ಕೊಟ್ಟನೋ ಏನೋ ನೋಡಿ ಹೇಳಿ ಎಂದು ಬರುತ್ತಿದ್ದರು. ಹೇಳಬಹುದು, ಆದರೆ ಒಂದು ಚೂರು ಕೆರೆದು ಆಸಿಡ್ಡಿನಲ್ಲಿ ಕರಗಿಸಬೇಕಾಗುತ್ತದೆ ಎಂದರೆ ಉಂಗುರದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಸತ್ಯ ಬೇಕು, ಆದರೆ ಹವಳ ಸವೆಯಬಾರದು. ಅವರನ್ನು ನೋಡಿ ನಾನು ನಗುತ್ತಿದ್ದೆ. ಆ ನಗುವನ್ನು ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ.

ಹದಿನೆಂಟು ವರ್ಷದಲ್ಲಿ ನಮ್ಮಲ್ಲಿಂದ ಹೊರಬಿದ್ದ ಪ್ರಬಂಧಗಳ ಅಂಕಿಗಳೆಲ್ಲ ನನ್ನ ಕೈಯಿಂದ ಬಂದವು. ಬರೆದವರ ಪಟ್ಟಿಯಲ್ಲಿ ನನ್ನ ಹೆಸರು ಒಂದರಲ್ಲೂ ಇಲ್ಲ. ಕೊನೆಯ ಪುಟದಲ್ಲಿ, ಕರೆಂಟು ಕೊಟ್ಟವರಿಗೂ ಕಟ್ಟಡ ಕೊಟ್ಟವರಿಗೂ ಕೈಮುಗಿದ ಮೇಲೆ, “ತಾಂತ್ರಿಕ ನೆರವಿಗೆ” ಎಂದು ಒಂದು ಸಾಲು. ನಿರ್ದೇಶಕರ ತಂಗಿಯ ಮಗ ಒಂದು ಬೇಸಿಗೆ ರಜೆ ನಮ್ಮಲ್ಲಿ ಕುಳಿತು ಕಾಫಿ ಕುಡಿದು ಹೋದ, ಅವನ ಹೆಸರು ಎರಡು ಪ್ರಬಂಧಗಳಲ್ಲಿದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಸುಣ್ಣದ ಕೆಲಸವೇ ಮಾಡುವವಳಿಗೆ ಸುಣ್ಣವೇ ಸರಿ ಅಂದುಕೊಂಡಿರಬೇಕು.

ನನ್ನ ತವರು ನಾಗಮಂಗಲ ತಾಲ್ಲೂಕಿನ ಹೊಣಕೆರೆ ಕಡೆಯದು. ಮದುವೆಯಾಗಿ ಬಂದದ್ದು ಕ್ಯಾತನಹಳ್ಳಿಗೆ, ಈಗ ಇರುವುದು ಪಾಂಡವಪುರದಲ್ಲಿ. ತವರಿನಲ್ಲಿ ಹಿರಿಮಗನಿಗೆ ದಾಸಯ್ಯನ ದೀಕ್ಷೆ ಕೊಡುವ ಪದ್ಧತಿ. ಈಗ ದೊಡ್ಡಪ್ಪ ದಾಸಯ್ಯ. ಬೆಳಿಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕುತ್ತಾನೆ, ಶನಿವಾರ ನಾಮ ಇಟ್ಟುಕೊಂಡು ಶಂಖ ಜಾಗಟೆ ಹಿಡಿಯುತ್ತಾನೆ. ಮಗ, ಸೊಸೆ, ಮೊಮ್ಮಕ್ಕಳು, ದನಕರು ತುಂಬಿದ ಮನೆ. ದೊಡ್ಡಪ್ಪನನ್ನು ನಾನು ಏಕವಚನದಲ್ಲೇ ಮಾತಾಡಿಸುವುದು. ನಮ್ಮ ಕಡೆ ಪ್ರೀತಿಗೆ ಬಹುವಚನ ಬೇಕಿಲ್ಲ. ನನ್ನ ಬಹುವಚನವೆಲ್ಲ ನಿರ್ದೇಶಕರಿಗೇ ಖರ್ಚಾಗುತ್ತಿತ್ತು.

ತವರುಮನೆಯಲ್ಲಿ ನಡೆದ ಒಂದು ಹರಿಸೇವೆಗೆ ನಾನು ಕೇಂದ್ರದವರನ್ನೂ ಕರೆದಿದ್ದೆ. ಹರಿಸೇವೆ ಎಂದರೆ ನೆಂಟರಿಷ್ಟರನ್ನೂ ಊರವರನ್ನೂ ಕರೆದು, ದಾಸಯ್ಯಂದಿರಿಂದ ಪೂಜೆ ಮಾಡಿಸಿ ಊಟ ಹಾಕುವುದು. ಎಲೆಯಲ್ಲಿ ಬಡಿಸಿಯಾದ ಮೇಲೂ ದಾಸಯ್ಯ ಮೂರು ಸಲ ಶಂಖ ಊದದೆ ಯಾರೂ ಅನ್ನಕ್ಕೆ ಕೈ ಹಾಕುವಂತಿಲ್ಲ. ನಿರ್ದೇಶಕರು ಹಾಕಿಬಿಟ್ಟಿದ್ದರು. ಪಕ್ಕದ ಎಲೆಯ ಅಜ್ಜಿ ಅವರ ಮುಖ ನೋಡಿದಳು, ಆಗ ಕೈ ತೆಗೆದರು. ದೊಡ್ಡಪ್ಪ ಊದಿದ. ಆ ಕೂಗು ಹೊಟ್ಟೆಯೊಳಗಿಂದ ಹೊರಟು ಕೆರೆ ಏರಿಯ ತನಕ ಹೋಗುತ್ತಿತ್ತು. ನಿರ್ದೇಶಕರ ಕಣ್ಣು ಶಂಖದ ಮೇಲೆ ಬಿದ್ದದ್ದು ಆಗ.

“ಎಷ್ಟು ಹಳೇದು ಇದು?” ಎಂದು ದೊಡ್ಡಪ್ಪನನ್ನು ಕೇಳಿದರು.

“ನಮ್ ತಾತನ ತಾತನ ಕಾಲದ್ದು ಅಂತಾರೆ ಸ್ವಾಮಿ.”

ಅಷ್ಟೇ ಸಾಕಾಯಿತು. ಸೋಮವಾರ ಕೇಂದ್ರಕ್ಕೆ ಬರುವ ಹೊತ್ತಿಗೆ ನಿರ್ದೇಶಕರ ಬಾಯಲ್ಲಿ ಶಂಖಕ್ಕೆ ಇನ್ನೂರು ವರ್ಷವಾಗಿತ್ತು. ಇನ್ನೂರು ವರ್ಷದ ಹಿಂದಿನ ಸಮುದ್ರ, ನಮ್ಮ ಮಿಷನ್ನು, ದೊಡ್ಡ ಪ್ರಬಂಧ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಕೊನೆಗೆ ನನ್ನ ಮೇಜಿನ ಹತ್ತಿರ ಬಂದು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಕುರ್ಚಿ ಎಳೆದುಕೊಂಡು ಕುಳಿತು ಹೇಳಿದರು: “ಶಂಖ ನೀವು ತರಿಸಿಕೊಡಿ ಅಮ್ಮ. ನಿಮ್ಮ ಹೆಸರು ಎರಡನೇದಾಗಿ ಹಾಕೋಣ.”

ನಾಯಿ ಹಸಿದಿತ್ತು, ಅನ್ನ ಹಳಸಿತ್ತು. ಅವರಿಗೆ ಶಂಖ ಬೇಕಿತ್ತು, ನನಗೆ ಹೆಸರು. ಅವರನ್ನು ಬೈದುಕೊಳ್ಳುತ್ತಲೇ ಆ ಭಾನುವಾರ ನಾಗಮಂಗಲದ ಬಸ್ಸು ಹತ್ತಿದೆ.

ದೊಡ್ಡಪ್ಪ ಹಾಲಿನ ಕ್ಯಾನು ತೊಳೆಯುತ್ತಿದ್ದ. ವಿಷಯ ಹೇಳಿದೆ. ಕೈ ಒರೆಸಿಕೊಂಡು ಒಳಗೆ ಹೋಗಿ, ದೇವರ ಮೂಲೆಯಿಂದ ಶಂಖ ತಂದು ಮಡಿಲಲ್ಲಿ ಇಟ್ಟುಕೊಂಡು ಜಗಲಿಯ ಮೇಲೆ ಕುಳಿತ.

“ಏನ್ ಮಾಡ್ತಾರವ್ವ ಇದ್ನ?”

“ಚುಕ್ಕಿ ಚುಕ್ಕಿಯಾಗಿ ಒಸಿ ಪುಡಿ ಕೆರ್ಕೊತೀವಿ ದೊಡ್ಡಪ್ಪ. ಕಣ್ಣಿಗೂ ಕಾಣಕ್ಕಿಲ್ಲ.”

“ಕೂಗು ಕೆಡಕ್ಕಿಲ್ವಾ?”

“ಇಲ್ಲ. ಎಂಗಿತ್ತೋ ಅಂಗೇ ತಂದ್ಕೊಡ್ತೀನಿ.”

ಅವನು ಕೇಳಿದ್ದಕ್ಕೆ ಕಾರಣವಿತ್ತು. ಮುಂದಿನ ಹರಿಸೇವೆಗೆ ಅವನ ಹಿರಿಮಗ, ನನ್ನ ಅಣ್ಣ, ದೀಕ್ಷೆ ತೆಗೆದುಕೊಳ್ಳುವುದಿತ್ತು. ದಿನ ಗೊತ್ತಾಗಿತ್ತು. ಅಪ್ಪ ಊದಿದ ಶಂಖವನ್ನು ಅಲ್ಲೇ ಮಗನ ಕೈಗೆ ಕೊಡಬೇಕು, ಮಗ ಎಲ್ಲರ ಎದುರಿಗೆ ಊದಬೇಕು. ಅಂಗಡಿಯಿಂದ ತಂದ ಹೊಸ ಶಂಖ ಅದಕ್ಕೆ ಆಗುವುದಿಲ್ಲ, ಕೂಗದ ಶಂಖವನ್ನು ಕೈ ದಾಟಿಸುವುದೂ ಇಲ್ಲ.

“ಇದ್ರ ಕೂಗು ಓದ್ರೆ ನಾನು ದಾಸಯ್ಯ ಅಲ್ಲ ಕಣವ್ವ, ನಾಮ ಇಕ್ಕೊಂಡಿರೋ ಮುದ್ಕ ಅಷ್ಟೇಯ,” ಎಂದ. ಆಮೇಲೆ ಶಂಖವನ್ನು ತಿರುಗಿಸಿ, ಅದರ ಹೊಟ್ಟೆ ಉಬ್ಬುವ ಜಾಗಕ್ಕೆ ಹೆಬ್ಬೆರಳು ಇಟ್ಟ. ನಮ್ಮಲ್ಲಿ ಅದನ್ನು ಶಂಖದ ಹೆಗಲು ಎನ್ನುತ್ತಾರೆ. “ಮತ್ತೆ ಇಲ್ ನೋಡವ್ವ, ಈ ಎಗಲ್ ತಾವ ನಮ್ ತಾತ…”

“ಗೊತ್ತು ಬುಡು ದೊಡ್ಡಪ್ಪ,” ಎಂದೆ. “ಅದಿನೆಂಟು ವರ್ಸದಿಂದ ನಾನು ಇದೇ ಕೆಲ್ಸ ಮಾಡ್ತಿರೋದು. ಬಸ್ಸು ಒಂಟೋಯ್ತದೆ.”

ಅವನು ಹೆಬ್ಬೆರಳು ತೆಗೆದ. ಮಡಿ ಪಂಚೆಯಲ್ಲಿ ಶಂಖ ಸುತ್ತಿ ನನ್ನ ಚೀಲದಲ್ಲಿಟ್ಟು, ನೆಲಕ್ಕೆ ಮಡಗಬೇಡ ಎಂದಷ್ಟೇ ಹೇಳಿ ಕ್ಯಾನು ತೊಳೆಯುವುದಕ್ಕೆ ಹೋದ. ಬಸ್ಸು ಅರ್ಧ ಗಂಟೆ ತಡವಾಗಿ ಬಂತು.

ಕೊರೆದವಳು ನಾನೇ. ಹಲ್ಲಿನ ಡಾಕ್ಟರು ಬಳಸುವಂಥ ಸಣ್ಣ ಡ್ರಿಲ್ಲು. ಶಂಖ ಬೆಳೆದ ದಿಕ್ಕಿನಲ್ಲೇ, ಸುರುಳಿಗೆ ಸರಿಯಾಗಿ, ಸಾಲಾಗಿ ಚುಕ್ಕಿ ಇಟ್ಟುಕೊಂಡು ಹೋದೆ. ಒಂದೊಂದು ಚುಕ್ಕಿಯ ಪುಡಿ ಒಂದೊಂದು ಸೀಸೆಗೆ. ಶಂಖ ಕಲ್ಲಿನಂತಿತ್ತು, ಡ್ರಿಲ್ಲು ಕಿರ್ರೆನ್ನುತ್ತಿತ್ತು. ಹೆಗಲ ಹತ್ತಿರ ಬಂದಾಗ ಸದ್ದು ನಿಂತುಹೋಯಿತು. ಮೊನೆ ತಾನಾಗಿ ಒಳಗಿಳಿಯಿತು. ಪುಡಿಯ ಬಣ್ಣವೂ ಸ್ವಲ್ಪ ಮಾಸಲು. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಅಕ್ಕಪಕ್ಕ ಇನ್ನೆರಡು ಚುಕ್ಕಿ ಕೊರೆದೆ. ಮೂರನೆಯದಕ್ಕೆ ಹೆಸರುಕಾಳಿನಷ್ಟು ಚೂರು ಒಳಕ್ಕೆ ಬಿದ್ದು ಕಟಕಟ ಅಂದಿತು. ಶಂಖವನ್ನು ಕಿಟಕಿಗೆ ಹಿಡಿದರೆ ತೂತಿನಲ್ಲಿ ಬೆಳಕು ಕಂಡಿತು.

ನಿರ್ದೇಶಕರಿಗೆ ಹೇಳಿದೆ. “ಸಾರ್, ಒಂದು ಕಡೆ ಮೆತ್ತಗಿತ್ತು, ತೂತಾಯಿತು.”

“ಹಳೇದಲ್ವಾ ಅಮ್ಮ, ಮೆತ್ತಗಾಗಿರುತ್ತೆ. ಮೇಣ ಹಾಕಿ ಮುಚ್ಚಿ.”

ವಯಸ್ಸಾದ ಕಲ್ಲು ವಯಸ್ಸಾದ ಮನುಷ್ಯನ ಹಾಗೆ ಮೆತ್ತಗಾಗುತ್ತದೆ ಎಂದು ತಿಳಿದ ವಿಜ್ಞಾನಿ. ಮನಸ್ಸಿನಲ್ಲೇ ಅವರನ್ನು ಆಡಿಕೊಂಡು ಮೇಣ ಹಾಕಿ ಮುಚ್ಚಿದೆ.

ಅಂಕಿ ಬಂತು. ಉಳಿದ ಚುಕ್ಕಿಗಳೆಲ್ಲ ಸುಮ್ಮನೆ ಒಂದೇ ಮಟ್ಟದಲ್ಲಿದ್ದವು. ಹೆಗಲಿನ ಮೂರು ಚುಕ್ಕಿಗಳಲ್ಲಿ ಮಾತ್ರ ಬೇರಿಯಂ ಮನೆ ಎತ್ತರ ಎದ್ದಿತ್ತು. ನಿರ್ದೇಶಕರು ಆ ಗೆರೆ ನೋಡಿ ಎದ್ದು ನಿಂತರು. ಇನ್ನೂರು ವರ್ಷದ ಹಿಂದೆ ಯಾವುದೋ ಒಂದು ಮಳೆಗಾಲದಲ್ಲಿ ಕಾವೇರಿ ಹುಚ್ಚು ಹರಿದು ಸಮುದ್ರವೇ ಕೆಂಪಾಗಿತ್ತು, ಅದನ್ನು ಈ ಶಂಖ ಬರೆದಿಟ್ಟುಕೊಂಡಿದೆ ಎಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಪ್ರವಾಹದಲ್ಲಿ ಎಷ್ಟು ಊರು ಮುಳುಗಿರಬಹುದು ಎಂಬಲ್ಲಿಗೆ ಹೋಗಿದ್ದರು.

ನನ್ನ ಕಣ್ಣು ಆಗಲೇ ಇನ್ನೊಂದು ಗೆರೆಯ ಮೇಲಿತ್ತು. ಅದೇ ಮೂರು ಚುಕ್ಕಿಗಳಲ್ಲಿ ಸ್ಟ್ರಾನ್ಷಿಯಂ ಪಾತಾಳಕ್ಕೆ ಬಿದ್ದಿತ್ತು. ಪ್ರವಾಹ ಬಂದರೆ ಬೇರಿಯಂ ಏರಬಹುದು. ಆದರೆ ಶಂಖದ ಹುಳ ಕಟ್ಟಿದ ಸುಣ್ಣದಲ್ಲಿ ಸ್ಟ್ರಾನ್ಷಿಯಂ ಹಾಗೆ ಬೀಳುವುದಿಲ್ಲ. ಜೊತೆಗೆ ಮ್ಯಾಂಗನೀಸು, ಅಲ್ಯೂಮಿನಿಯಂ ಎರಡೂ ಏರಿದ್ದವು, ಅವು ನೆಲದ ಮಣ್ಣಿನ ಗುರುತು. ಇದು ಸಮುದ್ರದ ಸುಣ್ಣವೇ ಅಲ್ಲ ಎಂದು ಅಂಕಿ ಬಾಯಿಬಿಟ್ಟು ಹೇಳುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಹೇಳಿದೆ.

“ನೀವು ಮಿಷನ್ ನೋಡ್ಕೊಳ್ಳಿ ಅಮ್ಮ, ಅರ್ಥ ನಾನು ಹೇಳ್ತೀನಿ,” ಎಂದರು. ಸ್ವಲ್ಪ ಬಿಟ್ಟು, “ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಬರೆದುಕೊಡಿ,” ಎಂದರು.

ನಾನು ಬರೆದುಕೊಟ್ಟೆ, ದಪ್ಪ ಅಕ್ಷರದಲ್ಲಿ. ಅವರ ಬಗ್ಗೆ ಇಷ್ಟೆಲ್ಲ ಬರೆಯುತ್ತಿರುವವಳು ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಹೆಸರು ಬರೆದುಕೊಟ್ಟಳು ಎಂಬುದೂ ಇಲ್ಲಿ ಇರಲಿ.

ಹರಿಸೇವೆಗೆ ಇನ್ನು ಮೂರು ವಾರವಿದೆ ಎನ್ನುವಾಗ ಶಂಖ ಹಿಂದಿರುಗಿಸಲು ಹೋದೆ. ದೊಡ್ಡಪ್ಪ ಪಂಚೆ ಬಿಚ್ಚಿ, ಶಂಖವನ್ನು ಕೈಯಲ್ಲಿ ತೂಗಿ, ತುಟಿಗಿಟ್ಟು ಊದಿದ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಪುಸ್ ಎಂದಿತು. ಮೇಣ ಕಿತ್ತು ಹಾರಿತ್ತು. ಇನ್ನೊಮ್ಮೆ ಊದಿದ. ಕೊಟ್ಟಿಗೆಯಲ್ಲಿದ್ದ ಅಣ್ಣ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತ.

ದೊಡ್ಡಪ್ಪ ಹುಡುಕಲಿಲ್ಲ. ಹೆಬ್ಬೆರಳು ನೇರವಾಗಿ ಹೆಗಲಿಗೆ ಹೋಯಿತು.

“ಸುಣ್ಣ ಕೆರೆದ್ಬುಟ್ಟಿದ್ದೀಯ ಕಣವ್ವ,” ಎಂದ.

ಆಮೇಲೆ ನಿಧಾನವಾಗಿ ಹೇಳಿದ. ಅವನ ತಾತನ ಕೈಯಿಂದ ಶಂಖ ಒಮ್ಮೆ ಜಾರಿ ಚಪ್ಪಡಿಯ ಮೇಲೆ ಬಿದ್ದು ಹೆಗಲು ಒಡೆದಿತ್ತಂತೆ. ತಾತನ ಹೆಂಡತಿಯ ತವರು ಕೆ.ಆರ್. ಪೇಟೆ ಕಡೆಯ ಶೀಳನೆರೆ. ಅಲ್ಲಿ ಹೊಲದಲ್ಲಿ ಸಿಗುವ ಸುಣ್ಣದ ಕಲ್ಲು ಆಯ್ದು ಗೂಡಿನಲ್ಲಿ ಸುಡುತ್ತಿದ್ದರು. ಆ ಸುಣ್ಣಕ್ಕೆ ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು ಸೇರಿಸಿ ಅರೆದು ಒಡಕಿಗೆ ಮೆತ್ತಿದನಂತೆ. “ಆಮ್ಯಾಕೆ ನಮ್ಮಪ್ಪ, ನಾನು ಎಣ್ಣೆ ಸವರಿ ಸವರಿ, ಎಲ್ ಶಂಕ ಎಲ್ ಸುಣ್ಣ ಗೊತ್ತಾಗ್ದಂಗೆ ಆಗೋಗಿತ್ತು.” ನನ್ನ ಮುಖ ನೋಡಿದ. “ಅಟ್ ದೊಡ್ ಮಿಸನ್ನು ಅಂತೀಯ. ಅದ್ಕೂ ವೆತ್ಯಾಸ ತಿಳೀನಿಲ್ವಾ?”

ಮಿಷನ್ನಿಗೆ ತಿಳಿದಿತ್ತು. ನನಗೂ ತಿಳಿದಿತ್ತು. ಇನ್ನೂರು ವರ್ಷದ ಹಿಂದಿನ ಕಾವೇರಿ ಪ್ರವಾಹ ಎಂದರೆ ಶೀಳನೆರೆಯ ಹೊಲದ ಸುಣ್ಣದ ಕಲ್ಲು, ಒಂದು ಉಂಡೆ ಬೆಲ್ಲ. ನಗು ಬರಬೇಕಾದ ಸಂಗತಿ. ಬಾಗಿಲಲ್ಲಿ ನಿಂತಿದ್ದ ಅಣ್ಣ ಕೊಟ್ಟಿಗೆಗೆ ಹಿಂದಿರುಗಿದ. ನನಗೆ ನಗು ಬರಲಿಲ್ಲ.

ಮಾರನೆಯ ದಿನ ರಜೆ ಹಾಕಿ ಶೀಳನೆರೆಗೆ ಹೋದೆ. ಗೂಡುಗಳು ಈಗ ಇಲ್ಲ, ಕಲ್ಲುಗಳಿವೆ. ಉತ್ತ ಹೊಲದ ಬದುವಿನಲ್ಲಿ ಶುಂಠಿಯ ಗಂಟುಗಳ ಹಾಗೆ ಬಿದ್ದಿರುತ್ತವೆ. ಆರಿಸುತ್ತಿದ್ದವಳನ್ನು ನೋಡಿ ಹೊಲದವನು ಟ್ರಾಕ್ಟರು ನಿಲ್ಲಿಸಿ, “ಏನ್ ನಿಧಿ ಸಿಕ್ತಕ್ಕಾ?” ಎಂದ. ಒಂದು ಚೀಲ ತುಂಬಿಕೊಂಡೆ. ಅದರಲ್ಲಿ ಒಂದು ಕಲ್ಲನ್ನು ಪುಡಿ ಮಾಡಿ ಮಿಷನ್ನಿಗೆ ಕೊಟ್ಟೆ. ಬೇರಿಯಂ ಹೆಚ್ಚು, ಮ್ಯಾಂಗನೀಸು ಹೆಚ್ಚು, ಸ್ಟ್ರಾನ್ಷಿಯಂ ಕಡಿಮೆ. ಹೆಗಲಿನ ಮೂರು ಚುಕ್ಕಿಗಳ ಗೆರೆಯ ಮೇಲೆ ಈ ಗೆರೆ ಇಟ್ಟರೆ ಒಡಹುಟ್ಟಿದವರ ಹಾಗೆ ಕೂಡುತ್ತಿತ್ತು. ಉಳಿದ ಕಲ್ಲುಗಳನ್ನು ಲ್ಯಾಬಿನ ಕುಲುಮೆಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಡಬ್ಬಿಯಲ್ಲಿ ತುಂಬಿ ದೊಡ್ಡಪ್ಪನಿಗೆ ಕೊಟ್ಟುಬಂದೆ. ಅವನು ಬೆರಳಿಗೆ ಹಚ್ಚಿಕೊಂಡು ನೋಡಿ, “ಸುಣ್ಣ ಎಳೇದು. ಒಣಗಕ್ಕೆ ದಿನ ಸಾಲ್ದು,” ಎಂದ. ಆದರೂ ಮೆತ್ತಿದ.

ನಿರ್ದೇಶಕರ ಮುಂದೆ ಎರಡೂ ಗೆರೆ ಇಟ್ಟೆ.

“ಒಡಕಿತ್ತು, ಸುಣ್ಣ ಮೆತ್ತಿದ್ದಾರೆ ಅಂತ ನಿಮಗೆ ಹೇಳಿದ್ದು ಯಾರು?”

“ನಮ್ಮ ದೊಡ್ಡಪ್ಪ ಸಾರ್.”

“ಹಳ್ಳಿಯವರ ಬಾಯಿಮಾತನ್ನೆಲ್ಲ ಸಾಕ್ಷಿ ಅಂತ ತಗೊಳ್ಳೋಕಾಗುತ್ತಾ ಅಮ್ಮ?”

ಶಂಖ ತಾತನ ತಾತನ ಕಾಲದ್ದು ಎನ್ನುವುದೂ ಅದೇ ಬಾಯಿಯ ಮಾತು. ಅದನ್ನು ಇನ್ನೂರು ವರ್ಷ ಎಂದು ಇಂಗ್ಲಿಷಿಗೆ ತಿರುಗಿಸಿ ಪ್ರಬಂಧದ ಮೊದಲ ಸಾಲಿನಲ್ಲಿ ಕೂರಿಸಿದ್ದರು. ದೊಡ್ಡಪ್ಪನ ಬಾಯಿ ಅವರಿಗೆ ಬೇಕಾದದ್ದು ಹೇಳಿದಾಗ ಇತಿಹಾಸ, ಬೇಡವಾದದ್ದು ಹೇಳಿದಾಗ ಬಾಯಿಮಾತು. ಹಿತ್ತಲ ಗಿಡ ಮದ್ದಲ್ಲ.

ಟ್ರಸ್ಟಿನವರ ಮುಂದೆ ಕಾವೇರಿ ಪ್ರವಾಹವನ್ನು ಪರದೆಯ ಮೇಲೆ ಹರಿಸುವ ದಿನ ಬಂತು. ಹೊರಗಿನಿಂದ ಒಬ್ಬ ಪ್ರೊಫೆಸರನ್ನೂ ಕರೆಸಿದ್ದರು. ನಾನು ಹಿಂದಿನ ಸಾಲಿನಲ್ಲಿ, ಶೀಳನೆರೆಯ ಕಲ್ಲಿನ ಅಂಕಿಗಳ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪ್ರೊಫೆಸರು ಎಲ್ಲ ಕೇಳಿ, ಸಾವಕಾಶವಾಗಿ, ಸ್ಟ್ರಾನ್ಷಿಯಂ ಯಾಕೆ ಬಿದ್ದಿದೆ, ಅಲ್ಲಿ ಯಾರಾದರೂ ಏನಾದರೂ ಮೆತ್ತಿರಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಶಂಖದಿಂದ ಬಂತು.

ನಿರ್ದೇಶಕರು ಒಂದು ಕ್ಷಣವೂ ತಡಮಾಡಲಿಲ್ಲ. “ನನಗೂ ಅದೇ ಅನುಮಾನ ಇತ್ತು. ಕೊರೆಯುವಾಗ ನಮ್ಮ ಟೆಕ್ನಿಷಿಯನ್ ಗಮನಿಸಬೇಕಾಗಿತ್ತು,” ಎಂದರು. ಎಲ್ಲರೂ ಹಿಂದಿನ ಸಾಲಿನ ಕಡೆ ತಿರುಗಿದರು. ನಾನು ಎದ್ದು ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟೆ. ನಿರ್ದೇಶಕರು ಅದನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಸಭೆಗೆ ತೋರಿಸಿದರು. “ನೋಡಿ, ಆ ಸುಣ್ಣ ಎಲ್ಲಿಂದ ಬಂತು ಅನ್ನೋದನ್ನೂ ನಾವು ಅಳೆದಿದ್ದೇವೆ.”

ತಪ್ಪು ನನ್ನದು, ಏಕವಚನ. ಕಲ್ಲು ಆರಿಸಿದ್ದು ನಾವು, ಬಹುವಚನ. ಈಗ ಹಳೆಯ ಶಂಖಗಳ ರಿಪೇರಿಯನ್ನು ಧಾತುಗಳಿಂದ ಕಂಡುಹಿಡಿಯುವ ಬಗೆ ಎಂದು ಒಂದು ಪ್ರಬಂಧ ತಯಾರಾಗುತ್ತಿದೆಯಂತೆ. ಅದರಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ನಾನು ಕೇಳಿಲ್ಲ. ಅವರನ್ನು ತುಚ್ಛವಾಗಿ ನೋಡುವುದು ನನಗೆ ಸುಲಭ, ಅಭ್ಯಾಸವಾಗಿಹೋಗಿದೆ. ಹರಿಸೇವೆಯ ದಿನದ ತನಕ ಅಷ್ಟರಲ್ಲೇ ಹಾಯಾಗಿದ್ದೆ.

ಹರಿಸೇವೆಗೆ ಸುತ್ತಲಿನ ಊರುಗಳ ದಾಸಯ್ಯಂದಿರು ಬಂದಿದ್ದರು. ಎಲೆ ಹಾಕಿ ಬಡಿಸಿಯಾಯಿತು. ಯಾರೂ ಅನ್ನಕ್ಕೆ ಕೈ ಹಾಕಿರಲಿಲ್ಲ. ದೊಡ್ಡಪ್ಪ ಶಂಖವನ್ನು ಕಣ್ಣಿಗೊತ್ತಿಕೊಂಡು ಊದಿದ. ಬರೀ ಗಾಳಿ. ಸಾಲಿನಲ್ಲಿ ಯಾರೋ ಕೆಮ್ಮಿದರು. ಎರಡನೆಯ ಸಲ ಹೆಗಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಊದಿದ. ಗಂಟಲು ಕಟ್ಟಿದವರ ದನಿಯಂತೆ ಒಂದು ಸದ್ದು ಬಂತು. ಮೂರನೆಯದೂ ಅಷ್ಟೇ, ಅಂಗಳ ದಾಟಲಿಲ್ಲ. ಅಣ್ಣ ಮೊಣಕಾಲೂರಿ ಎರಡೂ ಕೈಯಲ್ಲಿ ಶಂಖ ತೆಗೆದುಕೊಂಡ. ಎಲ್ಲಿ ಒತ್ತಬೇಕೆಂದು ದೊಡ್ಡಪ್ಪ ಅವನ ಹೆಬ್ಬೆರಳು ಹಿಡಿದು ತೋರಿಸಿದ. ಅವನು ಊದಿದಾಗ ಅರ್ಧ ಕೂಗು, ಅರ್ಧ ಗಾಳಿ. ಗೋವಿಂದ ಎಂದು ಎಲ್ಲರೂ ಊಟಕ್ಕೆ ಕೈ ಹಾಕಿದರು.

ಇನ್ನೊಂದು ಊರಿನ ಮುದಿ ದಾಸಯ್ಯ ಕೇಳಿಯೇಬಿಟ್ಟ. “ಏನ್ಲಾ, ನಿನ್ ಶಂಕ ಎಂಗೆ ಕೂಗೋದು. ಏನಾಯ್ತ್ಲಾ ಅದ್ಕೆ?”

“ವಯಸ್ಸಾಯ್ತು ಕಣ್ಲಾ,” ಎಂದ ದೊಡ್ಡಪ್ಪ. “ನಮ್ಗಾಗಕ್ಕಿಲ್ವಾ.”

ನಾನು ಪಾಯಸದ ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

ಎಲ್ಲ ಮುಗಿದು ಎಲೆ ಎತ್ತಿದ ಮೇಲೆ ಅವನು ಜಗಲಿಯ ಮೇಲೆ ಒಬ್ಬನೇ ಕುಳಿತು ಶಂಖಕ್ಕೆ ಎಣ್ಣೆ ಸವರುತ್ತಿದ್ದ. ಪಕ್ಕದಲ್ಲಿ ಹೋಗಿ ಕುಳಿತೆ. ಕ್ಷಮಿಸು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ, ನನಗೂ ಬರಲಿಲ್ಲ. ಅದರ ಬದಲು ಅವನನ್ನೇ ಕೇಳಿದೆ.

“ಅವತ್ತು ನಾನು ಶಂಕ ತಕ್ಕೊಂಡೋಗಕ್ಕೆ ಬಂದಾಗ ಸುಣ್ಣದ್ ವಿಸ್ಯ ಏಳಕ್ಕೆ ಬಂದಿದ್ದೆ ನೀನು. ನಾನು ಬಾಯಿ ಆಕ್ದೆ. ನೀನ್ಯಾಕೆ ನನ್ನ ಬೈದು ಏಳ್ನಿಲ್ಲ ದೊಡ್ಡಪ್ಪ?”

ಅವನು ಆ ಪ್ರಶ್ನೆಯೇ ಅರ್ಥವಾಗದವನಂತೆ ನನ್ನನ್ನು ನೋಡಿದ.

“ಗೊತ್ತು ಅಂದ್ಯಲ್ಲವ್ವ ನೀನು,” ಎಂದ. “ನಮ್ ಮನೇಲಿ ಓದಿರೋಳು ನೀನೊಬ್ಳೇಯ. ನಿನ್ ಬಾಯ್ನಲ್ಲಿ ಬಂದ್ ಮ್ಯಾಕೆ ಸರಿಯಾಗೇ ಇರ್ತದೆ ಅನ್ಕಂಡು ಸುಮ್ಕಾದೆ.”